ಆರನೆಯ ಕಾಲಂ

ಜನವರಿ 11, ಗುರುವಾರ

ಇವತ್ತು ಮೊಮ್ಮಗನಿಗೆ ನನ್ನ ಕೈಯಾರೆ ಬಿಸಿಜಿ ಹಾಕಿದೆ. ಹುಟ್ಟಿ ಮೂರು ದಿನ. ಟಿಬಿ ಬಾರದಿರಲಿ ಎಂದು ಹಾಕುವ ಈ ಲಸಿಕೆಯನ್ನು ಮಾಂಸಕ್ಕೆ ಚುಚ್ಚುವಂತಿಲ್ಲ, ತೊಗಲಿನ ಪದರದೊಳಗೇ ಸೂಜಿ ನಿಲ್ಲಬೇಕು. ಅವನ ಎಡತೋಳು ನನ್ನ ಹೆಬ್ಬೆರಳಿಗಿಂತ ಒಂದಿಷ್ಟು ದಪ್ಪ, ಅಷ್ಟೆ. ಮೂವತ್ತಮೂರು ವರ್ಷ ಲಸಿಕೆ ಕೋಣೆಯಲ್ಲಿ ಪಳಗಿದ ಕೈ, ತಪ್ಪುತ್ತದೆಯೇ? ಚುಚ್ಚಿದ ಕಡೆ ಬೆಳ್ಳಗೆ ಸಣ್ಣ ಗುಳ್ಳೆ ಎದ್ದಿತು. ಮಗು ಎರಡೇ ಎರಡು ಸಲ ಅತ್ತು ಸುಮ್ಮನಾದ. ಅಳಿಯನೇ ಹೆಚ್ಚು ಅಳುಮುಖ ಮಾಡಿಕೊಂಡಿದ್ದ. ಊರಿನ ಟ್ರಾಫಿಕ್ಕಿನಲ್ಲಿ ಬಸ್ಸು ನುಗ್ಗಿಸುವ ಗಂಡಸು, ಸೂಜಿ ಕಂಡಕೂಡಲೇ ಗೋಡೆ ಕಡೆ ತಿರುಗಿ ನಿಂತ.

"ಮುಗೀತಾ ಅತ್ತೆ?" ಎಂದು ಗೋಡೆಯನ್ನೇ ಕೇಳಿದ.

ಮಗುವಿಗೆ ಗುಂಡ ಎಂದು ಕರೆಯುತ್ತಿದ್ದೇವೆ. ಹುಟ್ಟುವಾಗಲೇ ಮೂರೂವರೆ ಕಿಲೋ.

ನಮ್ಮ ಆರೋಗ್ಯ ಕೇಂದ್ರದ ಹೊಸ ಸಿಸ್ಟರ್ ಇವತ್ತು ತಲೆ ತಿಂದಳು. ಅವಳ ಮೇಜಿನ ರಿಜಿಸ್ಟರಿನ ಆರನೆಯ ಕಾಲಂನಲ್ಲಿ 'ಮನೆಯಲ್ಲಿ ಹಿಂದೆ ಶಿಶುಮರಣ ಆಗಿದೆಯೇ' ಎಂದಿದೆಯಲ್ಲ, ಅದನ್ನು ಒಬ್ಬ ಬಾಣಂತಿಗೆ ಕೇಳಿಯೇ ಬಿಟ್ಟಳು. ಅವಳು ತನ್ನ ಅಕ್ಕನ ಮಗುವನ್ನು ನೆನೆದು ಗೊಳೋ ಎಂದಳು. ಸಾಲು ಇಪ್ಪತ್ತು ನಿಮಿಷ ನಿಂತಿತು. ನಾನು ಸಿಸ್ಟರನ್ನು ಪಕ್ಕಕ್ಕೆ ಕರೆದೆ.

"ಅದನ್ನೆಲ್ಲ ಕೇಳ್ತಾ ಕೂರಬಾರದಮ್ಮ. ಬೆಳಿಗ್ಗೆ ಬಂದ ತಕ್ಷಣ ಪುಟ ತೆಗೆದು ಮೇಲಿಂದ ಕೆಳಗೆ 'ಇಲ್ಲ' ಅಂತ ಬರೆದಿಟ್ಟುಬಿಡು."

"ಕೇಳದೇನೇ?"

"ಹೆತ್ತು ಮೂರು ದಿನ ಆಗಿರೋರ ಮುಂದೆ ಸಾವಿನ ಮಾತು ತೆಗೀತಾರಾ? ಮನುಷ್ಯರು ಅಂದ್ಮೇಲೆ ಸ್ವಲ್ಪ ಅಂತಃಕರಣ ಇರಬೇಕು."

ಹೊಸಬಳು. ಕಲಿಯುತ್ತಾಳೆ.

ಫೆಬ್ರವರಿ 20, ಮಂಗಳವಾರ

ಲಸಿಕೆ ಹಾಕಿದ ಜಾಗ ಒಡೆದು ಕೀವು ಬರುತ್ತಿದೆ. ಮಗಳು ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದಳು. ನಾನು ದಿನಕ್ಕೆ ನಲವತ್ತು ತಾಯಂದಿರಿಗೆ ಹೇಳುವುದನ್ನೇ ಅವಳಿಗೂ ಹೇಳಿದೆ. ಕೀವು ಬಂದರೆ ಲಸಿಕೆ ಹಿಡಿದಿದೆ ಎಂದು ಅರ್ಥ, ಮುಲಾಮು ಹಚ್ಚಬೇಡ, ಒತ್ತಬೇಡ, ತಾನೇ ಒಣಗುತ್ತದೆ. ಸಿಸ್ಟರ್ ಮಗಳಾಗಿ ಹೀಗೆ ಹೆದರಿದರೆ ಮಿಕ್ಕವರು ಏನು ಮಾಡಬೇಕು?

ಸಂಜೆ ಹೋದಾಗ ಅಳಿಯ ಕೆಮ್ಮುತ್ತಿದ್ದ. ಮಗುವಿನ ಕೋಣೆಯಿಂದ ಹೊರಗೆ ಅಟ್ಟಿದೆ. ಕೆಮ್ಮುವವರು ಕೂಸಿನ ಹತ್ತಿರ ಸುಳಿಯಬಾರದು. ನಮ್ಮ ಮನೆಯಲ್ಲಿ ಆ ಮುದುಕಿಯ ಕಾಲದಿಂದಲೂ ಇದೇ ಕಾನೂನು. ಮುದುಕಿ ಎಂದರೆ ನನ್ನ ಗಂಡನ ತಾಯಿ.

"ಬಸ್ಸಲ್ಲಿ ನನ್ನ ಬೆನ್ನ ಹಿಂದೆ ಐವತ್ತು ಜನ ಕೆಮ್ಮುತ್ತಾರೆ ಅತ್ತೆ, ಯಾರನ್ನ ಅಂತ ಇಳಿಸಲಿ?" ಎಂದ ಅಳಿಯ. ನಗು ಬಂತು, ಆದರೆ ಒಳಗೆ ಬಿಡಲಿಲ್ಲ.

ಮಾರ್ಚ್ 19, ಮಂಗಳವಾರ

ಗುಂಡನಿಗೆ ಸ್ನಾನ ಮಾಡಿಸುವಾಗ ಎಡ ಕಂಕುಳಲ್ಲಿ ಗಂಟು ಸಿಕ್ಕಿತು. ನೆಲಗಡಲೆಯಷ್ಟಿದೆ. ತೋಳಿನ ಗಾಯವೂ ಇನ್ನೂ ಒಣಗಿಲ್ಲ.

ಎಷ್ಟೋ ಮಕ್ಕಳಿಗೆ ಗಂಟು ಬರುತ್ತದೆ, ಕರಗುತ್ತದೆ. ಮಗಳಿಗೂ ಹಾಗೆಯೇ ಹೇಳಿದೆ. ಈ ಗಂಟಿನ ಬಗ್ಗೆ ಇನ್ನು ಬರೆಯುವುದಿಲ್ಲ.

ಏಪ್ರಿಲ್ 14, ಭಾನುವಾರ

ಹನ್ನೆರಡು ದಿನದಿಂದ ಜ್ವರ. ಇಳಿಯುತ್ತದೆ, ಮತ್ತೆ ಏರುತ್ತದೆ. ಬಡಾವಣೆಯ ಡಾಕ್ಟರ ಔಷಧಿ ಎರಡು ಬಾಟಲಿ ಖಾಲಿಯಾಯಿತು. ನಮ್ಮ ತಕ್ಕಡಿಯಲ್ಲಿ ತೂಗಿದೆ. ತಿಂಗಳ ಹಿಂದೆ ಐದು ಕಿಲೋ ನೂರು ಗ್ರಾಂ ಇದ್ದ. ಇವತ್ತು ನಾಲ್ಕು ಕಿಲೋ ಒಂಬೈನೂರು. ತಕ್ಕಡಿ ಸರಿಯಿಲ್ಲ ಎಂದು ಎರಡು ಕಿಲೋ ಹತ್ತಿಯ ಪೊಟ್ಟಣ ಇಟ್ಟು ನೋಡಿದೆ. ಸರಿಯಾಗಿಯೇ ಇತ್ತು.

ಮಗಳು ಕೇಳಿದಳು: "ಅಮ್ಮಾ, ಇದು ಮಾಮೂಲಿನಾ?"

ಮಾಮೂಲಿ ಎಂದೆ. ನನ್ನ ದನಿ ನನಗೇ ಹಿಡಿಸಲಿಲ್ಲ.

ಮೇ 6, ಸೋಮವಾರ

ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಕುತ್ತಿಗೆಯಲ್ಲೂ ಗಂಟುಗಳು, ಹೊಟ್ಟೆ ಉಬ್ಬಿದೆ. ಡಾಕ್ಟರಮ್ಮ ನನ್ನ ಮಗಳಿಗಿಂತ ಚಿಕ್ಕವಳು, ದಪ್ಪ ಕನ್ನಡಕ, ಮಾತು ಮಾತ್ರ ಬಲು ಮೆತ್ತಗೆ. ಅರ್ಧ ಗಂಟೆ ಪರೀಕ್ಷೆ ಮಾಡಿ ಪೆನ್ನು ಹಿಡಿದು ಕೂತಳು.

"ನಿಮ್ಮ ತಾಯಿ ಕಡೆ ಯಾವುದಾದ್ರೂ ಗಂಡುಮಗು ಚಿಕ್ಕಂದಿನಲ್ಲೇ ತೀರಿಹೋಗಿದ್ಯಾ? ಸೋದರಮಾವ, ಅಣ್ಣ, ತಮ್ಮ, ಯಾರಾದ್ರೂ?"

"ಇಲ್ಲ ಡಾಕ್ಟ್ರೇ. ನಾನೊಬ್ಬಳೇ ಮಗಳು," ಎಂದಳು ನನ್ನ ಮಗಳು. ಆಮೇಲೆ ನನ್ನ ಕಡೆ ತಿರುಗಿದಳು. "ಅಲ್ವಾಮ್ಮಾ?"

ಹೂಂ ಎಂದೆ.

ಡಾಕ್ಟರಮ್ಮ ಬರೆದುಕೊಂಡಳು.

ಮೇ 7, ಮಂಗಳವಾರ

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮಗಳು ಒಳಗಿದ್ದಾಳೆ. ಈ ಪುಸ್ತಕವನ್ನು ಯಾರೂ ಓದುವುದಿಲ್ಲ, ಆದರೂ ಬರೆಯಲು ಕೈ ಏಳುತ್ತಿಲ್ಲ.

ನನಗೆ ಒಬ್ಬ ಮಗನಿದ್ದ. ಮಗಳಿಗಿಂತ ಮೂರು ವರ್ಷ ಮೊದಲು. ಒಂಬತ್ತು ತಿಂಗಳು ಬದುಕಿದ್ದ. ಅವನಿಗೂ ಎಡತೋಳಿನ ಗಾಯ ಒಣಗಲಿಲ್ಲ. ಅವನಿಗೂ ಕಂಕುಳಲ್ಲಿ ಗಂಟು. ಮಾರ್ಚಿನಲ್ಲಿ ಗುಂಡನ ಗಂಟು ಕೈಗೆ ಸಿಕ್ಕಾಗ ನನ್ನ ಬೆರಳಿಗೆ ಗುರುತು ಹತ್ತಿತು. ನನ್ನ ಬಾಯಿ ಮಾತ್ರ ಮಾಮೂಲಿ ಎನ್ನುತ್ತಲೇ ಇತ್ತು.

ಆಗಿನ ಡಾಕ್ಟರು ಟಿಬಿ ಎಂದರು, ಮನೆಯಲ್ಲಿ ಯಾರಿಗಾದರೂ ಕೆಮ್ಮಿದೆಯೇ ಎಂದು ಕೇಳಿದರು. ಮನೆಯಲ್ಲಿ ಕೆಮ್ಮುತ್ತಿದ್ದವರು ಒಬ್ಬರೇ. ಮುದುಕಿಯ ಕಫವನ್ನು ಮೂರು ಸಲ ಪರೀಕ್ಷೆ ಮಾಡಿಸಿದೆ. ಮೂರು ಸಲವೂ ಏನೂ ಇಲ್ಲ ಎಂದು ಬಂತು. ಲ್ಯಾಬಿನವನಿಗೆ ಕಣ್ಣು ಕಾಣುವುದಿಲ್ಲ ಎಂದೆ. ಮಗ ಹೋದ ಮೇಲೆ ಅವರ ತಟ್ಟೆ, ಲೋಟ, ಹಾಸಿಗೆ ಎಲ್ಲವನ್ನೂ ಹಿಂದಿನ ರೂಮಿಗೆ ಹಾಕಿದೆ. ನನ್ನ ಗಂಡ ತಡೆಯಲಿಲ್ಲ. ಮಗಳು ಹುಟ್ಟಿದ ಮೇಲೆ ಒಂದು ದಿನವೂ ಅವರ ಕೈಗೆ ಕೊಡಲಿಲ್ಲ. ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ಅವರು ತೀರಿಕೊಂಡರು.

ಮಗನ ವಿಷಯವನ್ನು ಮಗಳಿಗೆ ಹೇಳಲೇ ಇಲ್ಲ. ಟಿಬಿ ಮನೆ ಎಂದು ಹೆಸರು ಬಂದರೆ ಅವಳ ಮದುವೆಗೆ ಅಡ್ಡಿ ಎಂದು ಮೊದಮೊದಲು. ಆಮೇಲೆ ಹೇಳದೇ ಇರುವುದೇ ರೂಢಿಯಾಯಿತು. ಟಿಬಿ ಲಸಿಕೆ ಹಾಕುವ ಸಿಸ್ಟರ್ ಮನೆಯಲ್ಲೇ ಟಿಬಿಗೆ ಮಗು ಸತ್ತಿತು ಎಂದರೆ ಯಾವ ಮುಖ ಇಟ್ಟುಕೊಂಡು ಕೆಲಸಕ್ಕೆ ಹೋಗಲಿ?

ಮೇ 15, ಬುಧವಾರ

ಗಂಟಿನಿಂದ ತೆಗೆದ ಕೀವಿನ ವರದಿ ಬಂತು. ಗುಂಡನ ಮೈಯಲ್ಲೆಲ್ಲ ಹರಡಿರುವುದು ಯಾರಿಂದಲೋ ಅಂಟಿದ ಟಿಬಿ ಅಲ್ಲ. ಲಸಿಕೆಯ ಕ್ರಿಮಿಯೇ. ಸತ್ವ ಇಳಿಸಿ, ಪಳಗಿಸಿ, ಸೀಸೆಯಲ್ಲಿ ತುಂಬಿದ ಕ್ರಿಮಿ. ನಾನು ಚುಚ್ಚಿದ್ದು.

ಡಾಕ್ಟರಮ್ಮ ಮಗಳನ್ನು ಕೂರಿಸಿಕೊಂಡು ಹೇಳಿದಳು: "ಲಸಿಕೆದು ತಪ್ಪಿಲ್ಲ, ಹಾಕಿದವರದ್ದೂ ತಪ್ಪಿಲ್ಲ. ಲಕ್ಷಾಂತರ ಮಕ್ಕಳಿಗೆ ಅದೇ ಕಾವಲು. ಇವನ ಮೈಯಲ್ಲಿ ಈ ಜಾತಿ ಕ್ರಿಮಿಗಳ ಜೊತೆ ಹೋರಾಡೋ ಶಕ್ತಿ ಹುಟ್ಟಿನಿಂದಲೇ ಇಲ್ಲ ಅನ್ಸುತ್ತೆ. ಅಂಥ ದೋಷಗಳು ಒಂದೆರಡಲ್ಲ. ಒಂದೊಂದಾಗಿ ಹುಡುಕಬೇಕು. ಯಾವುದು ಅಂತ ಗೊತ್ತಾದ್ರೆ ಮುಂದಿನ ದಾರಿ."

"ಹುಡುಕೋಕೆ ಎಷ್ಟು ದಿನ ಬೇಕು?"

"ಎಲ್ಲಿಂದ ಶುರು ಮಾಡಬೇಕು ಅಂತ ಸುಳಿವು ಸಿಕ್ಕಿದ್ರೆ ಬೇಗ. ಇಲ್ದಿದ್ರೆ ತಿಂಗಳುಗಳು."

ಸುಳಿವು ಅವಳ ಎದುರಿಗೇ ಕೂತು ಸೆರಗಿನ ಅಂಚು ಮಡಚುತ್ತಿತ್ತು. ಮಡಚಿ ಬಿಚ್ಚಿದೆ, ಬಿಚ್ಚಿ ಮಡಚಿದೆ.

ಮೇ 24, ಶುಕ್ರವಾರ

ಇವತ್ತು ಗುಂಡನ ನರ ಸಿಗಲಿಲ್ಲ. ರಕ್ತ ತೆಗೆಯಲು ಎರಡೂ ಕೈ, ಎರಡೂ ಕಾಲು ಹುಡುಕಿದರು. ಕೊನೆಗೆ ನನ್ನನ್ನು ಕರೆದರು, ನಿಮ್ಮ ಕೈ ಒಳ್ಳೆಯದಂತಲ್ಲ ಸಿಸ್ಟರ್ ಎಂದು. ಹಿಡಿದ ಸೂಜಿಯನ್ನು ಟ್ರೇಯಲ್ಲಿ ವಾಪಸ್ ಇಟ್ಟೆ. ಮೂವತ್ತಮೂರು ವರ್ಷದಲ್ಲಿ ಮೊದಲನೇ ಸಲ. ಆಗದು ಎಂದು ಹೊರಗೆ ಬಂದು ನೇರ ಡಾಕ್ಟರಮ್ಮನ ಕೋಣೆಗೆ ಹೋದೆ. ಬಾಗಿಲು ಹಾಕಿ ಎಲ್ಲ ಹೇಳಿದೆ. ಮಗ, ಗಾಯ, ಗಂಟು, ಒಂಬತ್ತು ತಿಂಗಳು.

ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಸಿಸ್ಟರ್, ಇದನ್ನ ಮೊದಲೇ..." ಎಂದು ನಿಲ್ಲಿಸಿದಳು. ಪೂರ್ತಿ ಬೈದಿದ್ದರೆ ಚೆನ್ನಾಗಿತ್ತು.

ತಾಯಂದಿರು ಹೊತ್ತು ಗಂಡುಮಕ್ಕಳಿಗೆ ದಾಟಿಸುವ ದೋಷ ಒಂದಿದೆಯಂತೆ. ಹೊತ್ತವಳಿಗೆ ಏನೂ ಆಗುವುದಿಲ್ಲ. ಆ ಪರೀಕ್ಷೆಯನ್ನು ನಾಳೆಯೇ ಕಳಿಸುತ್ತೇವೆ ಎಂದಳು. ಹದಿನೆಂಟು ದಿನ ತಡ ಮಾಡಿದೆ, ಅದರಿಂದ ಎಷ್ಟು ಕೆಟ್ಟಿತು ಎಂದು ಕೇಳಿದೆ. ಹೇಳೋಕಾಗಲ್ಲ ಎಂದಳು. ಸುಳ್ಳು ಹೇಳಿ ಸಮಾಧಾನ ಮಾಡಲಿಲ್ಲ.

"ನಿಮ್ಮ ಮಗಳಿಗೆ ನೀವೇ ಹೇಳಬೇಕು," ಎಂದಳು.

ಮೇ 25, ಶನಿವಾರ

ಹೇಳಿದೆ. ವಾರ್ಡಿನ ಕೊನೆಯ ಸಿಂಕಿನ ಹತ್ತಿರ, ಅವಳು ಗುಂಡನ ಚಮಚ ಬಟ್ಟಲು ತೊಳೆಯುತ್ತಿದ್ದಾಗ. ನಲ್ಲಿ ಹಾಗೇ ಸುರಿಯುತ್ತಿತ್ತು. ಅವಳು ಬಹಳ ಹೊತ್ತು ಒಂದೇ ಚಮಚವನ್ನು ಉಜ್ಜಿದಳು.

"ಡಾಕ್ಟ್ರು ಕೇಳಿದಾಗ ನಿನ್ನ ಮುಖ ನೋಡಿದೆ ನಾನು. ಅಲ್ವಾಮ್ಮಾ ಅಂತ ಕೇಳಿದೆ."

ಹೌದು ಎಂದೆ.

"ಹಿಂದಿನ ರೂಮಿನ ಅಜ್ಜಿ. ಅದಕ್ಕೇನಾ ಅವರನ್ನ ಅಲ್ಲಿ ಇಟ್ಟಿದ್ದು? ನಾನು ಕಿಟಕಿ ಹತ್ರ ಹೋದ್ರೆ ನೀನು ರಪ್ಪಂತ ಎಳ್ಕೊಂಡು ಬರ್ತಿದ್ದೆ."

ಅದಕ್ಕೂ ಹೌದು ಎಂದೆ.

ಅವಳು ನಲ್ಲಿ ನಿಲ್ಲಿಸಿದಳು. "ನೀನು ಸ್ವಲ್ಪ ದಿನ ನನ್ನ ಮಗುನ ಮುಟ್ಟಬೇಡಮ್ಮ," ಎಂದಳು. ಕೂಗಲಿಲ್ಲ. ಬಟ್ಟಲು ಒರೆಸಿಕೊಂಡು ಒಳಗೆ ಹೋದಳು.

ಜೂನ್ 20, ಗುರುವಾರ

ವರದಿ ಬಂತು. ಅದೇ ದೋಷ. ಗುಂಡನ ಬಿಳಿ ರಕ್ತಕಣಗಳು ಕ್ರಿಮಿಯನ್ನು ನುಂಗುತ್ತವೆ, ಕೊಲ್ಲಲಾರವು. ಕ್ರಿಮಿ ಅವುಗಳೊಳಗೇ ಮನೆ ಮಾಡಿಕೊಂಡು ಮೈಯೆಲ್ಲ ಸುತ್ತುತ್ತದೆ. ಗುಣವಾಗಬೇಕಾದರೆ ಬೇರೆಯವರ ಅಸ್ಥಿಮಜ್ಜೆ ಹಾಕಬೇಕು. ಅದಕ್ಕೆ ಮೊದಲು ಔಷಧಿಯಿಂದ ಸೋಂಕು ಹಿಡಿತಕ್ಕೆ ಬರಬೇಕು.

ಮಗಳ ರಕ್ತದಲ್ಲಿ ಆ ದೋಷ ಇದೆ. ನನ್ನ ರಕ್ತದಲ್ಲಿಯೂ ಇದೆ. ನನ್ನಿಂದ ಅವಳಿಗೆ, ಅವಳಿಂದ ಗುಂಡನಿಗೆ. ಅತ್ತೆಯ ರಕ್ತಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಅವರು ಗಂಡನ ಕಡೆಯವರು. ಅವರ ಕೆಮ್ಮು ಬರೀ ಕೆಮ್ಮು.

ಮೊದಲೇ ತಿಳಿದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಅಳಿಯ ಕೇಳಿದ. ಮನೆಯಲ್ಲಿ ಹೀಗೆ ಗಂಡುಕೂಸು ಹೋಗಿದೆ ಎಂದು ಗೊತ್ತಿದ್ದರೆ ಲಸಿಕೆಯನ್ನು ಮುಂದಕ್ಕೆ ಹಾಕಿ ಮೊದಲು ರಕ್ತ ನೋಡುತ್ತಿದ್ದೆವು ಎಂದಳು ಡಾಕ್ಟರಮ್ಮ. ಅವಳು ನನ್ನ ಕಡೆ ನೋಡಲಿಲ್ಲ.

ಮಧ್ಯಾಹ್ನ ಕೇಂದ್ರಕ್ಕೆ ಹೋಗಿ ಜನವರಿಯ ನನ್ನ ರಿಜಿಸ್ಟರು ತೆಗೆದೆ. ಹನ್ನೊಂದನೇ ತಾರೀಖು, ಹದಿನೇಳನೇ ಸಾಲು. ಹೆಸರು ಬರೆಯುವ ಮೊದಲೇ ಆರನೆಯ ಕಾಲಂ ತುಂಬಿತ್ತು. ಇಲ್ಲ. ನನ್ನದೇ ಅಕ್ಷರ, ಗುಂಡಗೆ, ಚೆಂದಗೆ. ಆ ದಿನ ನನಗೆ ಅದು ನಮ್ಮ ಮನೆಯ ಪ್ರಶ್ನೆ ಎಂದು ಹೊಳೆಯಲೇ ಇಲ್ಲ. ಅದು ಸಾಲಿನಲ್ಲಿ ನಿಂತವರ ಪ್ರಶ್ನೆ ಎಂದುಕೊಂಡಿದ್ದೆ.

ಹೊಸ ಸಿಸ್ಟರ್ ಪಕ್ಕದಲ್ಲಿ ಬಂದು ನಿಂತಿದ್ದಳು. "ಮೇಡಂ, ಕ್ಷಮಿಸಿ, ನಾನು ಈಗ್ಲೂ ಒಬ್ಬೊಬ್ಬರನ್ನ ಕೇಳೇ ಬರೆಯೋದು," ಎಂದಳು, ತಾನೇ ತಪ್ಪು ಮಾಡಿದವಳ ಹಾಗೆ. ಅವಳ ಕೈ ಹಿಡಿದುಕೊಂಡೆ. ಅತ್ತುಬಿಟ್ಟೆ.

ಜುಲೈ 9, ಮಂಗಳವಾರ

ಗುಂಡನನ್ನು ಬೇರೆ ಕೋಣೆಗೆ ಹಾಕಿದ್ದಾರೆ. ನಡುವೆ ಗಾಜು. ನಾನು ಹೊರಗೆ. ಈ ಬೆಂಚಿನ ಒಂದು ಕಾಲು ಗಿಡ್ಡ, ಎದ್ದರೆ ಕೂತರೆ ಟಕ್ ಎನ್ನುತ್ತದೆ. ಮೇಲಿನ ಫ್ಯಾನು ತಿರುಗುವುದಕ್ಕಿಂತ ಗೊಣಗುವುದೇ ಹೆಚ್ಚು.

ಬೆಳಿಗ್ಗೆ ಹಾಲಿನ ಪುಡಿ, ಒಗೆದ ಬಟ್ಟೆ ತಂದು ಬಾಗಿಲ ಬಳಿ ಇಡುತ್ತೇನೆ. ಮಗಳು ತೆಗೆದುಕೊಂಡು ಹೋಗುತ್ತಾಳೆ. ಊಟ ಆಯ್ತಾ ಎಂದು ನಾನು, ಆಯ್ತು ಎಂದು ಅವಳು. ಇಷ್ಟೇ ಮಾತು. ಗುಂಡ ಎಚ್ಚರವಾಗಿದ್ದರೆ ನಾನು ಗಾಜಿನ ಮೇಲೆ ಬೆರಳಿಂದ ತಟ್ಟುತ್ತೇನೆ. ಇವತ್ತು ತಿರುಗಿ ನೋಡಿದ. ನಕ್ಕನೋ ಇಲ್ಲವೋ, ಗಾಜಿನಲ್ಲಿ ದೀಪದ ಹೊಳಪು ಬೀಳುತ್ತದೆ, ಸರಿಯಾಗಿ ಕಾಣುವುದಿಲ್ಲ.

ಅತ್ತೆಯವರೂ ಕಿಟಕಿಯ ಸರಳಿಗೆ ಬಳೆ ತಟ್ಟುತ್ತಿದ್ದರು. ಶಬ್ದ ಕೇಳಿದರೆ ಮಗಳು ಓಡುತ್ತಾಳೆ ಎಂದು. ಬಳೆ ತೆಗೆದಿಡಿ ಎಂದು ಹೇಳಿ ಕಳಿಸಿದ್ದೆ. ತೆಗೆದಿಟ್ಟರು.

ಆಗಸ್ಟ್ 2, ಶುಕ್ರವಾರ

ಅಳಿಯನ ಮಜ್ಜೆ ಅರ್ಧ ಹೊಂದುತ್ತದಂತೆ. ಅರ್ಧವಾದರೂ ಸಾಕು, ಹಾಕಬಹುದು ಎಂದರು. ಸೂಜಿ ಕಂಡರೆ ಗೋಡೆ ನೋಡುವ ಮನುಷ್ಯ, ಬೆನ್ನಿಗೆ ಎಷ್ಟು ಬೇಕಾದರೂ ಚುಚ್ಚಿ ಎಂದು ಸಹಿ ಹಾಕಿ ಬಂದ. ಬೆಂಚಿನ ಮೇಲೆ ನನ್ನ ಪಕ್ಕ ಕೂತ.

"ಅವಳ ಕೋಪ ಇಳಿಯುತ್ತೆ ಅತ್ತೆ."

"ಇಳೀದಿದ್ರೂ ಪರವಾಗಿಲ್ಲ. ಮಗು ಉಳೀಲಿ."

ಬಸ್ಸಿನಲ್ಲಿ ಯಾರೋ ಕೊಟ್ಟರಂತೆ, ಒಂದು ಪೆಪ್ಪರ್‌ಮಿಂಟು ನನ್ನ ಕೈಗಿಟ್ಟ. ಇಬ್ಬರೂ ಅರ್ಧರ್ಧ ತಿಂದೆವು.

ಗುಂಡನ ಶ್ವಾಸಕೋಶಕ್ಕೂ ಸೋಂಕು ಇಳಿದಿದೆ, ಅದು ತಿಳಿಯಾಗುವವರೆಗೂ ಮಜ್ಜೆ ಹಾಕುವಂತಿಲ್ಲ. ಇನ್ನೂ ತಿಳಿಯಾಗಿಲ್ಲ.

ಆಗಸ್ಟ್ 12, ಸೋಮವಾರ

ತಿಳಿಯಾಗಿಲ್ಲ.

ಆಗಸ್ಟ್ 19, ಸೋಮವಾರ

ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲು ತೆರೆಯಿತು. ಮಗಳು ಹೊರಗೆ ತಲೆ ಹಾಕಿ, "ಅಮ್ಮ, ಒಳಗೆ ಬಾ," ಎಂದಳು.

ಕೈ ತೊಳೆದೆ. ಮೊಣಕೈವರೆಗೂ ತೊಳೆದೆ, ಮತ್ತೆ ತೊಳೆದೆ. "ಸಾಕು ಬಾ," ಎಂದಳು. ಡಾಕ್ಟರಮ್ಮ ಮೂಲೆಯಲ್ಲಿ ನಿಂತಿದ್ದಳು, ಏನೂ ಮಾಡುತ್ತಿರಲಿಲ್ಲ. ಅಳಿಯ ಗುಂಡನ ಪಾದ ಹಿಡಿದುಕೊಂಡಿದ್ದ. ಟ್ಯೂಬುಗಳನ್ನು ತೆಗೆದಿದ್ದರು.

"ಎತ್ಕೋ," ಎಂದಳು ಮಗಳು.

ಎತ್ತಿಕೊಂಡೆ. ಎಂಬತ್ತಾರು ದಿನ ಆದ ಮೇಲೆ. ಮೂರು ದಿನದ ಕೂಸಾಗಿದ್ದಾಗ ಇದಕ್ಕಿಂತ ಭಾರವಿದ್ದ ಅನ್ನಿಸಿತು. ಎಡತೋಳಿನ ಗಾಯಕ್ಕೆ ನನ್ನ ಕೈ ತಾಗದ ಹಾಗೆ ಹಿಡಿದೆ. ಕಣ್ಣು ಬಿಟ್ಟು ನನ್ನನ್ನು ನೋಡಿದ. ಸ್ವಲ್ಪ ಹೊತ್ತಿಗೆ ಮಗಳ ಮಡಿಲಿಗೆ ಹಾಕಿದೆ. ಹನ್ನೊಂದೂ ಇಪ್ಪತ್ತಕ್ಕೆ ಅಲ್ಲೇ ಹೋಗಿಬಿಟ್ಟ.

ಇಷ್ಟೇ ಬರೆಯಲು ಆಗುವುದು.

ಸೆಪ್ಟೆಂಬರ್ 15, ಭಾನುವಾರ

ಮಗಳು ಬಂದಿದ್ದಳು. ಒಬ್ಬಳೇ. ಚಹಾ ಮಾಡಿಕೊಟ್ಟೆ, ಕುಡಿಯಲಿಲ್ಲ, ಲೋಟ ಹಿಡಿದುಕೊಂಡು ಕೂತಿದ್ದಳು. ಕ್ಷಮಿಸು ಎಂದು ಕೇಳಬೇಕೆಂದು ತಿಂಗಳಿನಿಂದ ಮಾತು ಜೋಡಿಸಿಟ್ಟಿದ್ದೆ. ಎದುರಿಗೆ ಕೂತಾಗ ಒಂದೂ ನೆನಪಾಗಲಿಲ್ಲ.

"ನಮ್ಮಣ್ಣ ಹೇಗಿದ್ದ?" ಎಂದು ಅವಳೇ ಕೇಳಿದಳು.

ಮೂವತ್ತೊಂದು ವರ್ಷದಲ್ಲಿ ನನ್ನನ್ನು ಯಾರೂ ಇದನ್ನು ಕೇಳಿರಲಿಲ್ಲ. ಕೇಳಲು ನಾನು ಬಿಟ್ಟಿರಲಿಲ್ಲ. ಹೇಳುತ್ತಾ ಹೋದೆ. ಕಿವಿ ದೊಡ್ಡದಿತ್ತು. ಮಲಗುವಾಗ ನನ್ನ ಮೂಗು ಹಿಡಿದುಕೊಳ್ಳುತ್ತಿದ್ದ. ಚಪ್ಪಾಳೆ ತಟ್ಟಲು ಕಲಿತಿದ್ದ, ಆದರೆ ಎರಡು ಕೈ ಒಂದಕ್ಕೊಂದು ಸಿಗದೆ ತಪ್ಪಿಹೋಗುತ್ತಿದ್ದವು. ಹೇಳುತ್ತಾ ನಗುವೂ ಬಂತು. ಅವಳೂ ಒಂದಿಷ್ಟು ನಕ್ಕಳು.

"ಕೊನೇಲಿ ಅವನು ಯಾರ ಹತ್ರ ಇದ್ದ?"

ಇದನ್ನು ಈ ಪುಸ್ತಕಕ್ಕೂ ಹೇಳಿರಲಿಲ್ಲ.

"ನಾನು ಔಷಧಿ ತರೋಕೆ ಓಡಿದ್ದೆ," ಎಂದೆ. "ಬರೋಷ್ಟರಲ್ಲಿ ಹೋಗಿಬಿಟ್ಟಿದ್ದ. ನಿಮ್ಮಜ್ಜಿ ಅವನನ್ನ ಎದೆಗೆ ಅವಚ್ಕೊಂಡು ಕೂತಿದ್ರು. ನನ್ನ ಕಡೆ ಕೈ ಚಾಚಿದ್ರು. ನಾನು ಅವರ ಮುಖಾನೂ ನೋಡ್ದೆ ಮಗುನ ಕಿತ್ಕೊಂಡೆ. ನೀವೇ ಕೊಂದ್ರಿ ಅಂದೆ."

ಮಗಳು ತಣ್ಣಗಾದ ಚಹಾವನ್ನು ಕೆಳಗಿಟ್ಟಳು.

"ಹಾಗಾದ್ರೆ ಅವನು ಒಬ್ಬನೇ ಹೋಗ್ಲಿಲ್ಲ ಬಿಡಮ್ಮ," ಎಂದಳು. "ಅಜ್ಜಿ ಎತ್ಕೊಂಡಿದ್ರಲ್ಲ."

ಇಷ್ಟು ವರ್ಷದಲ್ಲಿ ಒಂದು ದಿನವೂ ನನಗೆ ಹಾಗೆ ಅನ್ನಿಸಿರಲಿಲ್ಲ.